ಗಿನಿಯಿಲಿಯ ಗೂರಲು

ಉಸಿರಿನ ಸದ್ದಿಗೆ ನಮ್ಮ ಭಾಷೆಯಲ್ಲಿ ಹೆಸರುಗಳ ಬಡತನವಿಲ್ಲ. ಮಲಗಿದವನದು ಗೊರಕೆ, ಓಡಿ ಬಂದವನದು ಏದುಸಿರು, ದುಃಖದಲ್ಲಿರುವವನದು ನಿಟ್ಟುಸಿರು, ಸಿಟ್ಟಿಗೆದ್ದ ಹೋರಿಯದು ಬುಸುಗುಟ್ಟುವಿಕೆ, ಎದೆಯಲ್ಲಿ ಕಫ ಕಟ್ಟಿದ ಮಗುವಿನದು ಗೊರಗೊರ, ಚಳಿಗಾಲದ ಇರುಳಿನಲ್ಲಿ ಎದ್ದು ಕುಳಿತು ಗೋಡೆಗೊರಗುವ ಮುದುಕರದು ಗೂರಲು, ದಮ್ಮು, ಉಬ್ಬಸ. ಆಂಧ್ರದ ಗಡಿಗೆ ಅಂಟಿಕೊಂಡಿರುವ ನಮ್ಮ ಪಾವಗಡದ ಸೀಮೆಯಲ್ಲಿ ಉಬ್ಬಸವೆಂದರೆ ತೆಲುಗರಿಗೂ ತಿಳಿಯುತ್ತದೆ, ಕನ್ನಡಿಗರಿಗೂ ತಿಳಿಯುತ್ತದೆ. ಇಷ್ಟೆಲ್ಲ ಹೆಸರುಗಳಿದ್ದರೂ ದಿನವೂ ಕೇಳಿ ಬರುವ ಸದ್ದು ಮನೆಯ ಗೋಡೆಯಂತೆ, ಕಂಬದಂತೆ ಇದ್ದೂ ಇಲ್ಲದಂತಾಗುವುದುಂಟು. ನಮ್ಮ ಮನೆಯಲ್ಲಿ ಅಂಥದೊಂದು ಸದ್ದು ಎಲ್ಲರ ಕಿವಿಗೆ ಬೀಳುವಂತಾದದ್ದು ಎರಡು ಗಿನಿಯಿಲಿಗಳಿಂದ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಬಿ.ಎ. ವಿದ್ಯಾರ್ಥಿ ಪ್ರಾಣಿಶಾಸ್ತ್ರದ ಹೊಲಕ್ಕೆ ಬೇಲಿ ಹಾರಿ ನುಗ್ಗಿದನೆಂದು ವಿಜ್ಞಾನದ ಅಧ್ಯಾಪಕರು ಮುನಿಯಬಾರದು. ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಹೇಳುತ್ತೇನೆ.

2024ರ ಬೇಸಿಗೆಯ ಕೊನೆಯಲ್ಲಿ ನಮ್ಮ ಚಿಕ್ಕಪ್ಪ ಬೆಂಗಳೂರಿನಿಂದ ಊರಿಗೆ ಬಂದರು. ಅವರು ಕಾರು ನಡೆಸುತ್ತಿದ್ದ ಮನೆಯವರು ಹೊರದೇಶಕ್ಕೆ ಹೊರಟಿದ್ದರು. ಆ ಮನೆಯ ಮಗು ಸಾಕಿದ್ದ ಗಿನಿಯಿಲಿಗಳ ಜೋಡಿಯನ್ನು ಪಂಜರಸಮೇತ ಇವರ ಕೈಗೆ ಕೊಟ್ಟಿದ್ದರು. ಕೊರಟಗೆರೆ, ಮಧುಗಿರಿಗಳ ಮೇಲೆ ಬರುವ ಬಸ್ಸಿನಲ್ಲಿ ಚಿಕ್ಕಪ್ಪ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಅದಕ್ಕೆ ಲಗೇಜು ಟಿಕೆಟ್ಟು ಹರಿಯಬೇಕೋ ಅರ್ಧ ಟಿಕೆಟ್ಟು ಹರಿಯಬೇಕೋ ಎಂದು ಕಂಡಕ್ಟರು ಮಧುಗಿರಿಯವರೆಗೂ ಯೋಚಿಸಿದರಂತೆ. ನಿಡುಗಲ್ಲಿನ ಬೆಟ್ಟ ಕಾಣುವ ನಮ್ಮ ಹಳ್ಳಿಗೆ ಆ ಪ್ರಾಣಿ ಕಾಲಿಟ್ಟದ್ದು ಅದೇ ಮೊದಲು.

ಅಜ್ಜಿ ಪಂಜರದೊಳಕ್ಕೆ ಬಗ್ಗಿ ನೋಡಿ, “ಏನ್ಲಾ ಇದು, ಬಾಲ ಇಲ್ಲದ ಇಲೀನ ಬಸ್ ಚಾರ್ಜು ಕೊಟ್ಟು ತಂದವ್ನಲ್ಲ! ನಮ್ಮ ಅಟ್ಟದಾಗೆ ಬಾಲ ಇರೋವೇ ಬೇಕಾದಷ್ಟವೆ” ಎಂದರು. ಆದರೆ ಒಂದು ವಾರದೊಳಗೆ ಅವರೇ ಅವುಗಳ ಯಜಮಾನಿಯಾದರು. ಗರಿಕೆಹುಲ್ಲು ಕಂಡರೆ ಅವು ಹಿಂಗಾಲ ಮೇಲೆ ನಿಂತು ವೀಕ್ ವೀಕ್ ಎಂದು ಕೂಗುತ್ತಿದ್ದವು. “ಹಸಿದ ಮರಿ ಎಲ್ಲಿದ್ರೂ ಮರೀನೇ” ಎಂದು ಅಜ್ಜಿ ತಮ್ಮ ಕುರಿಮರಿಗಳ ಲೆಕ್ಕಕ್ಕೆ ಇವನ್ನೂ ಸೇರಿಸಿಕೊಂಡರು. ಏಳನೆಯ ತರಗತಿಯ ನನ್ನ ತಮ್ಮ ಒಂದಕ್ಕೆ ಕರಿಯ ಎಂದೂ ಇನ್ನೊಂದಕ್ಕೆ ಬಿಳಿಯ ಎಂದೂ ನಾಮಕರಣ ಮಾಡಿದ.

ಈ ಪ್ರಾಣಿಯ ಹೆಸರೇ ಒಂದು ತಮಾಷೆ. ಇಂಗ್ಲಿಷಿನವರು ಇದನ್ನು ಗಿನಿ ದೇಶದ ಹಂದಿಯೆಂದು ಕರೆದಿದ್ದಾರೆ. ಇದು ಹಂದಿಯೂ ಅಲ್ಲ, ಗಿನಿಯದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆ ಮಾಂಸಕ್ಕಾಗಿ ಇದನ್ನು ಪಳಗಿಸಿದರು. ಅಲ್ಲಿ ಇದರ ಹೆಸರು ಕುಯ್. 16ನೆಯ ಶತಮಾನದಲ್ಲಿ ಇದು ಹಡಗು ಹತ್ತಿ ಯೂರೋಪಿಗೆ ಹೋಯಿತು. ಅಲ್ಲಿ ಮಕ್ಕಳ ಮುದ್ದಿನ ಪ್ರಾಣಿಯಾಯಿತು, ಆಮೇಲೆ ಪ್ರಯೋಗಶಾಲೆಯನ್ನೂ ಹೊಕ್ಕಿತು. ಕ್ಷಯರೋಗದ ಜೀವಾಣುವನ್ನು 1882ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ರಾಬರ್ಟ್ ಕಾಖ್, ತನ್ನ ಮಾತು ನಿಜವೆಂದು ಸಾಧಿಸಿದ್ದು ಹೆಚ್ಚಾಗಿ ಗಿನಿಯಿಲಿಗಳ ಮೇಲೆಯೇ.

ಆ ವರ್ಷ ನಮ್ಮಲ್ಲಿ ಕಡಲೇಕಾಯಿ ತಕ್ಕಮಟ್ಟಿಗೆ ಬಂತು. ನಮ್ಮ ತಾಲ್ಲೂಕಿನವರಿಗೆ ಕಡಲೇಕಾಯಿಯೆಂದರೆ ಎರಡು ಬೆಳೆ: ಕಾಯಿ ಮಂಡಿಗೆ, ಹೊಟ್ಟು ಕುರಿಗೆ. ಕಿತ್ತು, ಕಾಯಿ ಬಿಡಿಸಿ, ಬಳ್ಳಿಯನ್ನು ಒಣಗಿಸಿ ಒಟ್ಟಿದ ಹೊಟ್ಟೇ ಬೇಸಿಗೆಯ ಮೇವು. ಡಿಸೆಂಬರಿನ ಮೊದಲ ವಾರ ಫೆಂಗಲ್ ಚಂಡಮಾರುತದ ಸೋನೆ ಹಿಡಿಯಿತು. ನೆನೆಯುತ್ತಿದ್ದ ಬಣವೆಯಿಂದ ಅರ್ಧ ಹೊಟ್ಟನ್ನು ಎತ್ತಿ ನಡುಮನೆಯ ಮೂಲೆಗೆ ತುಂಬಿದರು. ಗಿನಿಯಿಲಿಗಳ ಪಂಜರವೂ ಚಳಿಗೆ ಹೆದರಿ ಅದೇ ಮೂಲೆಗೆ ಬಂತು. ಬೆಚ್ಚಗಿರಲೆಂದು ತಮ್ಮ ಅದೇ ಹೊಟ್ಟನ್ನು ಹಾಸಿದ.

ಹತ್ತು ದಿನ ಕಳೆದಿರಬೇಕು. ಬಿಳಿಯನಿಗೆ ಸೀನು ಹತ್ತಿತು. ಆಮೇಲೆ ಉಸಿರಾಡುವಾಗಲೆಲ್ಲ ಒದ್ದೆ ಬಟ್ಟೆಯನ್ನು ಹಿಂಡಿದಂಥ ಒಂದು ಸದ್ದು. ಇನ್ನು ಮೂರು ದಿನಕ್ಕೆ ಕರಿಯನಲ್ಲಿಯೂ ಅದೇ, ಸ್ವಲ್ಪ ಮೆಲ್ಲಗೆ. ಗಿನಿಯಿಲಿ ಸದ್ದು ಮಾಡುವ ಪ್ರಾಣಿಯೇ ಸರಿ: ಹಸಿದರೆ ಶಿಳ್ಳೆ, ಬೆನ್ನು ಸವರಿದರೆ ಗುರುಗುರು, ಬೆದರಿದರೆ ಹಲ್ಲು ಕಡಿತ. ಆದರೆ ಆ ಸದ್ದುಗಳು ಬೇಕೆಂದಾಗ ಬಂದು ನಿಲ್ಲುತ್ತವೆ. ಇದು ಉಸಿರಿಗೆ ಅಂಟಿಕೊಂಡಿತ್ತು, ನಿದ್ರೆಯಲ್ಲಿಯೂ ಬಿಡುತ್ತಿರಲಿಲ್ಲ.

ಮನೆಯವರೆಲ್ಲರೂ ವೈದ್ಯರಾದರು. ಚಳಿಯೆಂದು ಅಮ್ಮ, ನೀರು ಬದಲಾದದ್ದೆಂದು ಅಪ್ಪ, ಬೆಂಗಳೂರಿನ ಪ್ರಾಣಿಗೆ ಹಳ್ಳಿ ಒಗ್ಗಲಿಲ್ಲವೆಂದು ಪಕ್ಕದ ಮನೆಯವರು. ಅಜ್ಜಿ ಮಾತ್ರ ತಮ್ಮ ವಿದ್ಯೆಯ ಕ್ರಮದಲ್ಲಿಯೇ ಪರೀಕ್ಷೆ ಮಾಡಿದರು. ಕುರಿಗೆ ಮೂಗಿನಲ್ಲಿ ಹುಳು ಬಿದ್ದರೂ ಇಂಥದೇ ಸೀನು ಬರುತ್ತದೆ. ಒಂದು ಬಗೆಯ ನೊಣ ಕುರಿಯ ಮೂಗಿನ ಹೊಳ್ಳೆಯ ಬಳಿ ಹಾರಾಡುತ್ತ ಮರಿಹುಳುಗಳನ್ನು ಬಿಡುತ್ತದೆ. ಅದಕ್ಕೇ ನೊಣದ ಕಾಲದಲ್ಲಿ ಕುರಿಗಳು ಮೂಗನ್ನು ನೆಲಕ್ಕೋ ಒಂದರ ಉಣ್ಣೆಯಲ್ಲಿ ಇನ್ನೊಂದೋ ಒತ್ತಿಕೊಂಡು ನಿಲ್ಲುತ್ತವೆ. ಅಜ್ಜಿ ಬಿಳಿಯನ ಮೂಗು ಒರೆಸಿ ನೋಡಿ, “ಹುಳ ಅಲ್ಲ ಇದು. ಪಕ್ಕೆ ನೋಡು, ಹೆಂಗೆ ಎಳೀತೈತೆ. ಎದೇಲೈತೆ ಇದರ ರೋಗ” ಎಂದು ತೀರ್ಪು ಕೊಟ್ಟರು. ಬಳಿಕ ನನ್ನತ್ತ ತಿರುಗಿ, “ನೀನು ಬಿ.ಎ. ಓದ್ತಿದ್ದೀಯಲ್ಲ, ಇದಕ್ಕೇನು ಔಷಧಿ ಹೇಳು” ಎಂದರು. ಬಿ.ಎ. ಪಠ್ಯದಲ್ಲಿ ಗಿನಿಯಿಲಿಗಿನ್ನೂ ಸ್ಥಳ ದೊರೆತಿಲ್ಲವೆಂದು ಹೇಳಿ, ಪಂಜರವನ್ನೂ ಅಜ್ಜಿಯನ್ನೂ ಕರೆದುಕೊಂಡು ಪಶುವೈದ್ಯ ಆಸ್ಪತ್ರೆಗೆ ಹೋದೆ. ಬಿಳಿಯನನ್ನು ಅವರು ಪಂಜರದಲ್ಲಿಡಲಿಲ್ಲ. ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು.

ಅಲ್ಲಿ ಎಮ್ಮೆ, ಹಸು, ಮೇಕೆಗಳ ಸಾಲಿನ ಕೊನೆಯಲ್ಲಿ ನಮ್ಮ ಸರದಿ. ಡಾಕ್ಟರು ಸ್ಟೆತಾಸ್ಕೋಪನ್ನು ಆ ಅಂಗೈಯಗಲದ ಪ್ರಾಣಿಗಿಟ್ಟು ಬಹಳ ಹೊತ್ತು ಕೇಳಿದರು. ಬಳಿಕ ಕೊಳವೆಯನ್ನು ಕಿವಿಯಿಂದ ತೆಗೆದು, ತಲೆಯೆತ್ತಿ, “ಅಜ್ಜಿ, ಒಂದು ನಿಮಿಷ ನೀವು ಉಸಿರು ಹಿಡೀರಿ” ಎಂದರು. ಅಜ್ಜಿ ಹಿಡಿದರು. ಕೊಠಡಿಯಲ್ಲಿದ್ದ ಎರಡು ಸದ್ದುಗಳಲ್ಲಿ ಒಂದು ನಿಂತಿತು. ಡಾಕ್ಟರು ನಗಲಿಲ್ಲ. “ಇದರದು ಯಾವುದು, ನಿಮ್ಮದು ಯಾವುದು ಅಂತ ತಿಳಿಯಲಿಲ್ಲ. ಎಷ್ಟು ವರ್ಷದಿಂದ ಇದೆ ಇದು?” ಎಂದು ಕೇಳಿದರು. “ನಂದು ವಯಸ್ಸಿನ ಸದ್ದು, ಸ್ವಾಮಿ. ದೀಪಾವಳಿ ಕಳೆದ ಮೇಲೆ ಬತ್ತದೆ, ಶಿವರಾತ್ರಿಗೆ ಹೋಯ್ತದೆ. ನೀವು ಮರಿ ನೋಡಿ” ಎಂದು ಅಜ್ಜಿ ಆ ವಿಷಯವನ್ನು ಅಲ್ಲಿಗೇ ಮುಗಿಸಿದರು.

ಡಾಕ್ಟರು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದವರು. ಚಿಕ್ಕ ಪ್ರಾಣಿಗಳನ್ನೇ ನೋಡುವ ತಮ್ಮ ಸಹಪಾಠಿಯೊಬ್ಬರಿಗೆ ಫೋನು ಮಾಡಿ ಮಾತಾಡಿದರು. ಆಮೇಲೆ ನಮಗೆ ಹೇಳಿದ್ದನ್ನು ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಗಿನಿಯಿಲಿ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಮೂಗು ಕಟ್ಟಿದರೆ ಬಾಯಿಂದ ಉಸಿರಾಡಿಕೊಳ್ಳುವ ನಮ್ಮ ಅನುಕೂಲ ಅದಕ್ಕಿಲ್ಲ. ನೆಟ್ಟಗಿರುವಾಗ ನಿಮಿಷಕ್ಕೆ 40ರಿಂದ 100 ಸಲ ಉಸಿರಾಡುತ್ತದೆ. ಸದ್ದು ಬಂದರೆ ಕಾರಣ ಒಂದೇ ಅಲ್ಲ. ನಾಯಿ, ಮೊಲಗಳ ಮೂಗಿನಲ್ಲಿ ತಂಟೆಯಿಲ್ಲದೆ ಬದುಕುವ ಬಾರ್ಡೆಟೆಲ್ಲಾ ಎಂಬ ಜೀವಾಣು ಇದಕ್ಕೆ ತಗುಲಿದರೆ ನ್ಯುಮೋನಿಯಾ ಆಗಬಹುದು. ಮೂತ್ರದಲ್ಲಿ ನೆನೆದ ಹಾಸಿನಿಂದೇಳುವ ಅಮೋನಿಯಾ ಗಾಳಿ, ಮರದ ಪುಡಿ, ಹುಲ್ಲಿನ ದೂಳು, ಬೂಷ್ಟು, ಬಿಸಿಲ ಝಳ, ಹಲ್ಲಿನ ಬೇರಿನ ಕೀವು, ಹೃದಯದ ದೌರ್ಬಲ್ಯ, ಎಲ್ಲಕ್ಕೂ ಹೊರಗೆ ಕೇಳುವುದು ಒಂದೇ ಬಗೆಯ ಸದ್ದು.

“ಹಾಗಾದರೆ ಇದು ಅಲರ್ಜಿಯೇ?” ಎಂದು ಕೇಳಿದೆ. ಅವರ ಉತ್ತರ ನನಗೆ ಹಿಡಿಸಿತು. ಕೆರಳಿಕೆ ಬೇರೆ, ಅಲರ್ಜಿ ಬೇರೆ. ಮೆಣಸಿನಕಾಯಿ ಹುರಿದರೆ ಮನೆಯಲ್ಲಿದ್ದವರೆಲ್ಲ ಕೆಮ್ಮುತ್ತಾರೆ, ಅದು ಕೆರಳಿಕೆ. ಹತ್ತು ಜನರಿಗೆ ಏನೂ ಮಾಡದ ವಸ್ತುವನ್ನು ಒಬ್ಬನ ಮೈ ಶತ್ರುವೆಂದು ತಿಳಿದು ಯುದ್ಧಕ್ಕೆ ನಿಂತರೆ ಅದು ಅಲರ್ಜಿ. ಗಿನಿಯಿಲಿಯಲ್ಲಿ ಯಾವುದೆಂದು ನಿಶ್ಚಯಿಸುವುದು ಕಷ್ಟ. ಆದರೆ ದೂಳಿರುವ ವಸ್ತುವನ್ನು ದೂರ ಮಾಡಲು ಆ ನಿಶ್ಚಯಕ್ಕಾಗಿ ಕಾಯಬೇಕಾಗಿಲ್ಲ. ಸದ್ದನ್ನು ಕೇಳಿದೊಡನೆ ಮದ್ದು ಕೊಡುವುದಲ್ಲ, ಅದು ಎಲ್ಲಿ ಮಲಗುತ್ತದೆ, ಏನು ತಿನ್ನುತ್ತದೆ, ಯಾವ ನೀರಿಗಿಳಿಯುತ್ತದೆ ಎಂದು ಮೊದಲು ಕೇಳಬೇಕು ಎಂದು ಹೇಳಿ, ದನಗಳ ಗೊರಕೆರೋಗದ ಉದಾಹರಣೆ ಕೊಟ್ಟರು. ಮೂಗಿನಲ್ಲಿ ಗಂಟು ಬೆಳೆದು ದನ ಗೊರಗುಟ್ಟುವ ಆ ಕಾಯಿಲೆಗೆ ಮೂಗಿನ ರಕ್ತನಾಳದಲ್ಲಿ ವಾಸಿಸುವ ಒಂದು ಹುಳುವೇ ಕಾರಣವೆಂದು 1933ರಲ್ಲಿ ಮದರಾಸಿನ ಪಶುವೈದ್ಯ ವಿಜ್ಞಾನಿ ಎಂ. ಎ. ಎನ್. ರಾವ್ ತಿಳಿಸಿದರು. ಆ ಹುಳುವಿನ ಮರಿಗಳು ಬೆಳೆಯುವುದು ಕೆರೆಕುಂಟೆಗಳ ಬಸವನಹುಳುವಿನ ಮೈಯಲ್ಲಿ. ನೀರಿಗಿಳಿದ ದನದ ಚರ್ಮವನ್ನು ತೂರಿ ಅವು ಒಳಸೇರುತ್ತವೆ. ಸದ್ದು ಮೂಗಿನಲ್ಲಿ, ಅದರ ಬೇರು ಕುಂಟೆಯಲ್ಲಿ.

ನಮಗೆ ಡಾಕ್ಟರು ಕೊಟ್ಟ ಆದೇಶಗಳು ಹೀಗಿದ್ದವು. ಹೊಟ್ಟನ್ನು ತೆಗೆದು ಒಗೆದ ಹಳೆಯ ಹತ್ತಿ ಸೀರೆಯ ತುಂಡನ್ನು ಹಾಸಬೇಕು, ದಿನವೂ ಬದಲಿಸಬೇಕು. ಪಂಜರ ಆ ಮೂಲೆಯಿಂದ ಹೊರಡಬೇಕು. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಹಾಕಕೂಡದು. ಪೆನ್ಸಿಲಿನ್ ಜಾತಿಯ ಔಷಧಗಳು ಗಿನಿಯಿಲಿಯ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲವು. ತಾವು ಕೊಟ್ಟ ಹನಿಯನ್ನು ತೂಕದ ಪ್ರಕಾರ ಹಾಕಬೇಕು. ಸೀಬೆಹಣ್ಣನ್ನೋ ನೆಲ್ಲಿಕಾಯನ್ನೋ ಚೂರು ಕೊಡಬೇಕು. ಏಕೆಂದರೆ ಕುರಿ, ದನಗಳಂತೆ ಸಿ ಜೀವಸತ್ವವನ್ನು ತನ್ನ ಮೈಯಲ್ಲಿಯೇ ತಯಾರಿಸಿಕೊಳ್ಳುವ ಶಕ್ತಿ ಗಿನಿಯಿಲಿಗಿಲ್ಲ, ಮನುಷ್ಯರಿಗೂ ಇಲ್ಲ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಅದಕ್ಕೆ ಬೇಕು. ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬವರು 1907ರಲ್ಲಿ ನಾವಿಕರ ಸ್ಕರ್ವಿ ರೋಗದ ಗುಟ್ಟನ್ನು ಬಿಡಿಸಲು ಗಿನಿಯಿಲಿಯನ್ನು ಆಶ್ರಯಿಸಿದ್ದು ಫಲಕಾರಿಯಾದದ್ದೂ ಇದೇ ಕಾರಣದಿಂದ ಎಂದು ಆಮೇಲೆ ಓದಿದೆ. “ಹಂಗಾದ್ರೆ ಇದು ಕುರಿ ಕಡೆ ನೆಂಟ ಅಲ್ಲ, ನಮ್ಮ ಕಡೇದು” ಎಂದರು ಅಜ್ಜಿ.

ಬಿಳಿಯನಿಗೆ ಕಾಯಿಲೆ ಆಳಕ್ಕಿಳಿದಿತ್ತು. ನಾಲ್ಕನೆಯ ದಿನ ಬೆಳಗಿನ ಜಾವ ಅದು ಅಜ್ಜಿಯ ಮಡಿಲಲ್ಲಿಯೇ ಉಸಿರು ನಿಲ್ಲಿಸಿತು. ತಮ್ಮ ಅದನ್ನು ಬೇವಿನ ಮರದ ಕೆಳಗೆ ಹೂಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕರಿಯ ಉಳಿಯಿತು. ಸೀರೆಯ ಹಾಸಿಗೆಗೆ ಬಂದ ಐದಾರು ದಿನಗಳಲ್ಲಿ ಅದರ ಉಸಿರು ಸದ್ದಿಲ್ಲದಾಯಿತು. ಈಗ ಇರುಳಿನಲ್ಲಿ ಮನೆಯೊಳಗೆ ಕೇಳುತ್ತಿದ್ದುದು ಒಂದೇ ಉಬ್ಬಸ. ಅದು ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ಅಜ್ಜಿಯನ್ನು ಆಸ್ಪತ್ರೆಗೆ ಹೊರಡಿಸಿದ್ದು ನನ್ನ ವಿದ್ಯೆಯಲ್ಲ, ನನ್ನ ತಮ್ಮ. “ಬಿಳಿಯಂಗೂ ಹಿಂಗೇ ಸದ್ದು ಬರ್ತಿತ್ತು, ಅಜ್ಜಿ” ಎಂದಷ್ಟೇ ಅವನು ಹೇಳಿದ. ಮರುದಿನ ಅವರೇ ಸೀರೆ ಬದಲಿಸಿ ಜಗುಲಿಯ ಮೇಲೆ ಕುಳಿತಿದ್ದರು. ಆಸ್ಪತ್ರೆಯಲ್ಲಿ ಎದೆ ಬೆನ್ನು ಪರೀಕ್ಷಿಸಿದರು. ಒಂದು ಯಂತ್ರದ ಕೊಳವೆಗೆ ಬಲವಾಗಿ ಊದಿಸಿದರು. ಔಷಧಿ ಎಳೆದುಕೊಳ್ಳುವಂತೆ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಊದಿಸಿದರು. ಎರಡನೆಯ ಸಲ ಉಸಿರು ಹೆಚ್ಚು ಸರಾಗವಾಗಿ ಹೊರಟದ್ದರಿಂದ, ಇದು ಮುಪ್ಪೊಂದರಿಂದಲೇ ಬಂದುದಲ್ಲ, ಶ್ವಾಸನಾಳ ಬಿಗಿದುಕೊಳ್ಳುವ ಅಸ್ತಮಾ ಎಂದರು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದರು. ನಡೆಯುವುದು ಇನ್ನೇನು? ಕಡಲೇಕಾಯಿ ಕೀಳುವುದು, ಬಿಡಿಸುವುದು, ಹೊಟ್ಟು ಒಟ್ಟುವುದು, ಬೆಳಗು ಬೈಗು ಆ ಹೊಟ್ಟನ್ನು ಕೆದರಿ ಕುರಿಗೆ ಹಾಕುವುದು. ಇದರಲ್ಲಿ ಕೊನೆಯ ಕೆಲಸ ನಲವತ್ತು ವರ್ಷಗಳಿಂದ ಅಜ್ಜಿಯದು.

ಈ ಸಂಬಂಧವನ್ನು ಜಗತ್ತು ಇಂದು ನಿನ್ನೆ ಕಂಡದ್ದಲ್ಲ. ಕಸುಬುಗಳಿಂದ ಬರುವ ರೋಗಗಳ ಮೇಲೆ 1700ರಲ್ಲಿಯೇ ಗ್ರಂಥ ಬರೆದ ಇಟಲಿಯ ವೈದ್ಯ ರಾಮಾಜೀನಿ, ಧಾನ್ಯ ಕೇರುವವರ ಮತ್ತು ಅಳೆಯುವವರ ಉಸಿರಿನ ಕಷ್ಟವನ್ನು ಅದರಲ್ಲಿ ವಿವರಿಸಿದ್ದಾನೆ. ಬೂಷ್ಟು ಹಿಡಿದ ಒಣಹುಲ್ಲಿನಲ್ಲಿ ದುಡಿದ ರೈತರ ಎದೆರೋಗವನ್ನು 1932ರಲ್ಲಿ ಇಂಗ್ಲೆಂಡಿನ ಕ್ಯಾಂಬೆಲ್ ಎಂಬ ವೈದ್ಯ ವರ್ಣಿಸಿದ; ಅದಕ್ಕೆ ರೈತನ ಶ್ವಾಸಕೋಶ ಎಂಬ ಹೆಸರೇ ನಿಂತಿತು. ಅಜ್ಜಿಯದು ಆ ರೋಗವಲ್ಲ. ಆದರೆ ಹುಲ್ಲಿನ ದೂಳಿಗೂ ಎದೆಗೂ ಇರುವ ವೈರ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ. ಅಲರ್ಜಿ ಎಂಬ ಮಾತನ್ನು ವಿಯೆನ್ನಾದ ಫಾನ್ ಪಿರ್ಕೆ ಹುಟ್ಟಿಸಿದ್ದು 1906ರಲ್ಲಿ. ಹಿಸ್ಟಮೀನ್ ಎಂಬ ವಸ್ತು ಸೋಕಿದರೆ ಗಿನಿಯಿಲಿಯ ಶ್ವಾಸನಾಳ ಬಹು ಬೇಗ ಬಿಗಿದುಕೊಳ್ಳುತ್ತದೆ. ಆದ್ದರಿಂದ ಪ್ಯಾರಿಸಿನ ಪಾಸ್ಟರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್‌ಮಾರಿ ಸ್ಟೌಬ್ ಅವರು 1937ರಲ್ಲಿ ಆ ವಸ್ತುವಿಗೆ ಎದುರಾದ ಔಷಧವನ್ನು ಗಿನಿಯಿಲಿಗಳ ಮೇಲೆಯೇ ಪರೀಕ್ಷಿಸಿದರು. ಇಂದು ಸೀನಿಗೂ ತುರಿಕೆಗೂ ನಾವು ನುಂಗುವ ಮಾತ್ರೆಗಳ ವಂಶ ಅಲ್ಲಿಂದ ಆರಂಭವಾಯಿತು. ಬೋವೆಗೆ 1957ರಲ್ಲಿ ನೊಬೆಲ್ ಬಹುಮಾನ ಬಂತು. ಗಿನಿಯಿಲಿಗಳಿಗೆ ಏನು ಬಂತೆಂದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ.

ಹೊಟ್ಟು ಮುಟ್ಟಬಾರದೆಂದು ಡಾಕ್ಟರು ಹೇಳಿದಾಗ ಅಜ್ಜಿ ನನಗೆ ಕೇಳಿದ ಪ್ರಶ್ನೆಗೆ ಇಂದಿಗೂ ಉತ್ತರ ಹೊಳೆದಿಲ್ಲ: “ಹೊಟ್ಟು ಹಾಕದಿದ್ರೆ ಕುರಿ ಏನು ತಿಂತವೆ, ನಿನ್ನ ಬಿ.ಎ. ಪುಸ್ತಕಾನಾ?” ಅವರ ಮಾತಿನಲ್ಲಿ ಹಾಸ್ಯವಿದ್ದಷ್ಟೇ ಲೆಕ್ಕವೂ ಇತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೂರು ವರ್ಷ ನನ್ನ ಶುಲ್ಕ, ಬಸ್ ಪಾಸು, ಪುಸ್ತಕಗಳಿಗೆ ಹಣ ಬೇಕಾದಾಗಲೆಲ್ಲ ಹಟ್ಟಿಯಿಂದ ಒಂದೊಂದು ಕುರಿ ಸಂತೆಗೆ ನಡೆದಿದೆ. ಆ ಕುರಿಗಳು ಹೊಟ್ಟು ತಿಂದು ಬೆಳೆದವು. ಹೊಟ್ಟನ್ನು ಕೆದರಿ ಹಾಕಿದವರು ಅಜ್ಜಿ. ಅರ್ಥಶಾಸ್ತ್ರದಲ್ಲಿ ಉತ್ಪಾದನಾ ವೆಚ್ಚದ ಪಾಠ ಓದಿದ್ದೇನೆ. ಭೂಮಿಗೆ ಗೇಣಿ, ಬಂಡವಾಳಕ್ಕೆ ಬಡ್ಡಿ, ದುಡಿಮೆಗೆ ಕೂಲಿ ಎಂದು ಅದರಲ್ಲಿ ಲೆಕ್ಕವಿದೆ. ಒಬ್ಬರ ಉಸಿರನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ನಮ್ಮ ಅಧ್ಯಾಪಕರನ್ನು ಕೇಳಬೇಕೆಂದಿದ್ದೇನೆ.

ಈಗ ನಮ್ಮಲ್ಲಿ ಕೆಲವು ಏರ್ಪಾಡುಗಳಾಗಿವೆ. ನಡುಮನೆಗೆ ಹೊಟ್ಟು ಬರುವುದಿಲ್ಲ. ಬಣವೆಗೆ ಕಲ್ಲಿನ ಅಟ್ಟಣೆ ಹಾಕಿ, ಮೇಲೆ ಟಾರ್ಪಾಲು ಹೊದಿಸಿ, ನೆನೆಯದಂತೆ ಮಾಡಿದ್ದೇವೆ. ನೆನೆಯದಿದ್ದರೆ ಬೂಷ್ಟು ಕಡಿಮೆ. ಬೆಳಗಿನ ಮೇವು ನನ್ನದು, ಸಂಜೆಯದು ಅಪ್ಪನದು. ಆಯಾ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ತೆಗೆದು, ನೀರು ಚಿಮುಕಿಸಿ, ದೂಳು ಅಡಗಿದ ಮೇಲೆ ಹಾಕುತ್ತೇವೆ. ಮುಖಕ್ಕೆ ಒದ್ದೆ ಟವಲು ಕಟ್ಟಿಕೊಳ್ಳುತ್ತೇವೆ. ಅಜ್ಜಿ ದಿನಕ್ಕೆರಡು ಸಲ ಔಷಧಿ ಎಳೆದುಕೊಳ್ಳುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಪುಸ್ ಡಬ್ಬಿ. ಅವರಿಗೆ ಹೊಟ್ಟಿನ ದೂಳು ಅಲರ್ಜಿಯೋ, ಬೂಷ್ಟೋ, ಬರಿಯ ಕೆರಳಿಕೆಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೆ ಬೇರೆ ಪರೀಕ್ಷೆಗಳು ಬೇಕು. ಗೂರಲು ಪೂರ್ತಿ ಹೋಗಿದೆಯೆಂದೂ ನಾನು ಹೇಳಲಾರೆ. ಆದರೆ ಈ ಸಲದ ಚಳಿಯಲ್ಲಿ ಅವರು ಗೋಡೆಗೊರಗಿ ಕುಳಿತು ಬೆಳಗು ಮಾಡಿದ ರಾತ್ರಿಗಳು ಬೆರಳೆಣಿಕೆಯಷ್ಟು. ಹಿಂದೆ ಅವನ್ನು ಎಣಿಸುವ ಪದ್ಧತಿಯೇ ಇರಲಿಲ್ಲ. ಈಗ ತಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾನೆ.

ಈ ಕಾಲೇಜಿನಲ್ಲಿ ನನ್ನ ಜೊತೆ ಓದುವವರಲ್ಲಿ ಬಹುಮಂದಿ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಹಳ್ಳಿಗಳಿಂದ ಬಂದವರು. ನಮ್ಮ ಮನೆಗಳಲ್ಲಿ ಹೊಟ್ಟಿದೆ, ರಾಗಿ ಹುಲ್ಲಿದೆ, ಉಣ್ಣೆಯಿದೆ, ಒಲೆಯ ಹೊಗೆಯಿದೆ. ಇವುಗಳ ನಡುವೆ ದುಡಿಯುವ ಅಜ್ಜಿಯರೂ ತಾಯಂದಿರೂ ಇದ್ದಾರೆ. ಪದವಿ ಪಡೆದು ನಾವು ಅವರಿಗೆ ಏನು ಕೊಡುತ್ತೇವೆಯೋ ಅದು ಮುಂದಿನ ಮಾತು. ರಜೆಗೆ ಊರಿಗೆ ಹೋದಾಗ ಒಂದು ರಾತ್ರಿ, ಮೊಬೈಲನ್ನು ಬದಿಗಿಟ್ಟು, ಮನೆಯವರು ಮಲಗಿದ ಮೇಲೆ ಸ್ವಲ್ಪ ಹೊತ್ತು ಎಚ್ಚರವಾಗಿದ್ದು ಕೇಳಿರಿ. ಸದ್ದು ಕೇಳಿಸಿದರೆ, ಅದು ವಯಸ್ಸಿನದೆಂದು ಅವರು ಹೇಳುತ್ತಾರೆ. ಅದಕ್ಕೆ ಒಪ್ಪಿಕೊಳ್ಳದೆ, ಯಾವ ತಿಂಗಳಲ್ಲಿ ಬರುತ್ತದೆ, ಯಾವ ಕೆಲಸ ಮಾಡಿದ ದಿನ ಹೆಚ್ಚಾಗುತ್ತದೆ ಎಂದು ಇನ್ನೆರಡು ಪ್ರಶ್ನೆ ಕೇಳಿರಿ. ಉತ್ತರವನ್ನು ಬರೆದುಕೊಂಡು ಅವರೊಡನೆ ಡಾಕ್ಟರಲ್ಲಿಗೆ ಹೋಗಿರಿ. ಅಷ್ಟು ಮಾಡುವುದಕ್ಕೆ ಬಿ.ಎ. ಸಾಕು.